ತ್ಸಿಯಾಲ ತಂದುಕೊಟ್ಟ ಚೀಟಿಗಳು

ಡೀಸೆಲ್ ವಾಸನೆ, ಅದರಡಿಯಲ್ಲಿ ಇನ್ನೂ ಸಾಯದ ಚಹಾದ ವಾಸನೆ, ಈ ಮೇ ತಿಂಗಳ ಕೊಯ್ಲಿನದ್ದಲ್ಲ, ಹಿಂದಿನ ವರ್ಷದ್ದೂ ಅಲ್ಲ, ಓಝುರ್ಗೆತಿ ಊರಿನ ಈ ಚಹಾ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಚಹಾದ ರುಚಿ ನೋಡಿದ ತ್ಸಿಯಾಲಳ ಮೂಗಿಗೆ ಅಷ್ಟೂ ತಿಳಿಯದೆ ಇರುತ್ತದೆಯೇ — ತಿಳಿಯಬೇಕಾದದ್ದೇ ತಿಳಿಯಲಿಲ್ಲ, ಆವತ್ತು ಮ್ಯಾನೇಜರ್ ಜುಂಬೇರ್ ಅವಳ ಅಡುಗೆಮನೆಯಲ್ಲಿ ಕೂತು ಜೋಳದ ರೊಟ್ಟಿ ಮುರಿಯುತ್ತ, ಅಕ್ಕಾ, ಸರ್ಕಾರ ಎಲ್ಲರಿಗೂ ಒಂದೊಂದು ಪಾಲಿನ ಚೀಟಿ ಕೊಟ್ಟಿದೆ, ಕಾರ್ಖಾನೆ ಮಾರ್ತಾರಂತೆ, ನಾವು ಒಗ್ಗಟ್ಟಾಗ್ದಿದ್ರೆ ರಾಜಧಾನಿ ತ್ಬಿಲಿಸಿಯೋರು ಬಂದು ನುಂಗ್ತಾರೆ, ಎಲ್ಲಾ ಚೀಟಿ ನನ್ನ ಹೆಸರಿಗೆ ಬರ್ಲಿ, ಕಾರ್ಖಾನೆ ನಮ್ದೇ ಆಗಿರುತ್ತೆ, ಹೆಂಗಸರು ನಿನ್ನ ಮಾತು ಕೇಳ್ತಾರೆ, ಅಂದ — ಕೇಳಿದರು, ಕೆಸರಲ್ಲಿ ಗುಡ್ಡ ಹತ್ತಿ ಇಳಿದು ಮನೆಮನೆಗೆ ಹೋದಳು, ಕೂರಿಸಿ ಅಕ್ರೋಟು ಕೊಟ್ಟರು, ಸಹಿ ಹಾಕಿದರು, ಲಮಾರಾ ಒಬ್ಬಳೇ ತಡೆದದ್ದು, ಎಲೆ ಹೊಸೆಯುವ ಯಂತ್ರದ ಮುಂದೆ ನಿಂತು ನಿಂತು ಬೆರಳೆಲ್ಲ ಕಪ್ಪಾದ ಲಮಾರಾ, ನನ್ನ ಚೀಟಿ ನನ್ನ ಹತ್ರಾನೇ ಇರ್ಲಿ ಕಣೆ, ಅವನ ಕಣ್ಣು ಒಂದು ಕಡೆ ನಿಲ್ಲಲ್ಲ, ಅವನನ್ನ ನಂಬಬೇಡ, ನನ್ನ ನಂಬ್ತೀಯೋ ಇಲ್ವೋ, ಅಂದಳು ತ್ಸಿಯಾಲ, ಅದಕ್ಕೆ ಲಮಾರಾ ನಕ್ಕು ದೇವರ ಪಟದ ಹಿಂದಿನಿಂದ ಚೀಟಿ ತೆಗೆದು ಕೊಟ್ಟು, ನಿನ್ನ ನಂಬ್ದೆ ಇನ್ಯಾರನ್ನ ನಂಬ್ಲಿ.

ಈಗ ಸರಪಳಿ ಕಿರುಗುಟ್ಟುತ್ತದೆ, ಕೊನೆಯ ಯಂತ್ರವೂ ಲಾರಿಗೆ ಏರಿತು, ಜುಂಬೇರ್ ಗುಜರಿಗೆ ಮಾರಿದ್ದಾನಂತೆ, ಗಡಿಯಾಚೆ ತುರ್ಕಿಯಲ್ಲಿ ಕರಗಿಸುತ್ತಾರಂತೆ, ಕಾಲು ಯಾವಾಗ ಚಲಿಸಿತೋ, ತ್ಸಿಯಾಲ ಲಾರಿಯ ಮುಂದೆ ನಿಂತಿದ್ದಾಳೆ, ಇಳಿಸು ಜುಂಬೇರ್, ಇದು ಇವರದ್ದು, ಗೇಟಿನ ಹತ್ತಿರ ಹೆಂಗಸರೆಲ್ಲ ನೋಡುತ್ತ ನಿಂತಿದ್ದಾರೆ, ಅವನಿಗೆ ಸಿಟ್ಟಾದರೂ ಬರಬಾರದೇ, ಸ್ವಂತ ಅಕ್ಕನಿಗೆ ಹೇಳುವಷ್ಟು ಮೆತ್ತಗೆ, ಪಕ್ಕಕ್ಕೆ ಬಾ ಅಕ್ಕಾ, ಎಲ್ಲರ ಸಹಿ ಇದೆ, ನೀನೇ ತಾನೆ ಮನೆಮನೆಗೆ ಹೋಗಿ ಹಾಕಿಸ್ಕೊಂಡು ಬಂದಿದ್ದು — ಯಾರಾದರೂ ಬೈಯಲಿ, ಮುಖಕ್ಕೆ ಉಗಿಯಲಿ, ಹಿಂದಿನಿಂದ ಯಾವುದೋ ಒಣಗಿದ ದನಿ ಮಾತ್ರ, ಬಾರೇ ತ್ಸಿಯಾಲ, ಮೈಮೇಲೆ ಲಾರಿ ಹತ್ತಿಸಿದ್ರೆ ನಿನ್ನ ಹೆಣ ಹೊರೋದೂ ನಮ್ಮ ಪಾಲಿಗೇ ಬರುತ್ತೆ, ಯಾರೋ ಕಿಸಕ್ಕೆಂದರು, ಆಗ ಕಾಲು ತಾನಾಗಿಯೇ ಸರಿಯಿತು, ಒಂದು ಹೆಜ್ಜೆ, ಇನ್ನೊಂದು, ಯಾರೂ ಎಳೆಯಲಿಲ್ಲ, ಯಾರೂ ತಳ್ಳಲಿಲ್ಲ, ತಾನೇ ಸರಿದದ್ದು, ಅದನ್ನು ಯಾರ ಮೇಲೆ ಹಾಕುವುದು, ಲಾರಿ ಗೇಟು ದಾಟಿತು, ಧೂಳು, ಹೆಂಗಸರು ಇಬ್ಬಿಬ್ಬರಾಗಿ ಇಳಿಜಾರು ಹಿಡಿದರು, ಲಮಾರಾ ಹೋಗಲಿಲ್ಲ, ಇವಳತ್ತ ನೋಡಲೂ ಇಲ್ಲ, ಮೂಲೆಯ ಪೊರಕೆ ಎತ್ತಿಕೊಂಡು ಒಳಗೆ ನಡೆದಳು, ಎಣ್ಣೆ ಕುಡಿದು ಕಪ್ಪಾದ ನೆಲದಲ್ಲಿ ಅವಳ ಯಂತ್ರವಿದ್ದ ಜಾಗ ಮಾತ್ರ ಬೆಳ್ಳಗೆ, ಚೌಕವಾಗಿ, ಮೂಲೆಗೊಂದರಂತೆ ಬೋಲ್ಟಿನ ನಾಲ್ಕು ತೂತು, ಅಲ್ಲಿ ಕಸವೇ ಇಲ್ಲ, ಆದರೂ ಗುಡಿಸುತ್ತಾಳೆ, ಲಮಾರಾ, ಅಂದಳು ತ್ಸಿಯಾಲ, ಪೊರಕೆ ನಿಲ್ಲಲಿಲ್ಲ, ಲಮಾರಾ, ಬಿಳಿಯ ಚೌಕ, ನಾಲ್ಕು ತೂತು, ಪೊರಕೆ, ಬಿಳಿಯ ಚೌಕ, ನಾಲ್ಕು ತೂತು