ಎಲ್ವಿ ಅತ್ತೆಯ ಮೀನಿನ ಗಾಳ

ನಮ್ಮ ಉತ್ತರದ ಕಾಡು ನೋಡಲು ಬರುವವರಿಗೆ ನಾನು ಏನನ್ನೂ ಮುಚ್ಚಿಡುವುದಿಲ್ಲ. ಕರಡಿ ಬರುವ ಜಾಗ ಬೇಕೇ, ತೋರಿಸುತ್ತೇನೆ. ಹೊಗೆ ಸೌನಾ ಎಂಬ ಬಿಸಿಕೋಣೆಯಲ್ಲಿ ಬೆವರಿಳಿಸಿ ಸರೋವರಕ್ಕೆ ಧುಮುಕಬೇಕೇ, ಮುಂದೆ ನಿಂತು ಧುಮುಕಿಸುತ್ತೇನೆ. ಆದರೆ ಹಿಲ್ಲಾ ಹಣ್ಣು ಎಲ್ಲಿ ಬೆಳೆಯುತ್ತದೆ ಎಂದು ಮಾತ್ರ ಕೇಳಬಾರದು. ಜೌಗಿನಲ್ಲಿ ಗಿಡಕ್ಕೆ ಒಂದೇ ಒಂದು ಬಿಡುವ ಆ ಜೇನುಬಣ್ಣದ ಹಣ್ಣಿನ ಜಾಗವನ್ನು ನಮ್ಮಲ್ಲಿ ಗಂಡ ಹೆಂಡತಿಗೂ ಹೇಳುವುದಿಲ್ಲ.

ನನ್ನ ಅಪ್ಪನ ಅಕ್ಕ ಎಲ್ವಿ ಅತ್ತೆಯಂತೂ ಐವತ್ತು ವರ್ಷ ಇಡೀ ಊರಿನ ಕಣ್ಣಿಗೆ ಮಣ್ಣೆರಚಿದಳು. ಹಾಗಂತ ಅವಳು ನಂಬಿದ್ದಳು, ಪಾಪ. ಹೆಗಲ ಮೇಲೆ ಮೀನಿನ ಗಾಳ, ಕೈಯಲ್ಲಿ ಬಟ್ಟೆ ಮುಚ್ಚಿದ ಬಕೆಟ್ಟು. ಗೇಟು ದಾಟಿ ಸರೋವರದ ಕಡೆಗೆ ಹೊರಡುವುದು, ದೋಣಿಮನೆಯ ಹಿಂದೆ ಸುತ್ತುಹಾಕಿ ಗುಡ್ಡದಾಚೆಯ ಜೌಗಿಗೆ ನುಸುಳುವುದು. ವಾಪಸು ಬರುವಾಗ ಪಕ್ಕದ ಮನೆಯ ಉರ್ಪೊ ಬೇಲಿಯಲ್ಲೇ ಕಾದಿರುತ್ತಿದ್ದ.

"ಏನಕ್ಕಾ, ಮೀನು ಕಚ್ತಾ?"

"ಒಂದೂ ಇಲ್ಲ ಕಣೋ, ದರಿದ್ರ!"

ಬೆರಳೆಲ್ಲ ಹಳದಿ. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆಯೇ ಉರ್ಪೊ ನಗುತ್ತಿದ್ದ. ಊರಿಗೆಲ್ಲ ಗೊತ್ತಿತ್ತು. ನಾನೂ ಒಂಬತ್ತನೇ ವಯಸ್ಸಿಗೇ ಕದ್ದು ಹಿಂಬಾಲಿಸಿ ನೋಡಿ ಬಂದಿದ್ದೆ. ಆದರೂ ಆ ಜೌಗಿಗೆ ಒಬ್ಬರೂ ಕಾಲಿಡಲಿಲ್ಲ.

ಈ ವರ್ಷ ನನ್ನ ಗ್ರಹಚಾರ ನೋಡಿ. ಸ್ವಂತವಾಗಿ ಜನರನ್ನು ಕಾಡಿಗೆ ಕರೆದೊಯ್ಯುವ ಕೆಲಸ ಶುರುಮಾಡಿದ ಮೊದಲ ಬೇಸಿಗೆ ಇದು. ಹಿಲ್ಲಾ ಕೀಳಿಸುತ್ತೇನೆ ಎಂದು ಹೆಲ್ಸಿಂಕಿಯ ಹನ್ನೊಂದು ಜನಕ್ಕೆ ಮಾತು ಕೊಟ್ಟಿದ್ದೆ. ಜೂನ್‌ನಲ್ಲಿ ಹಿಮ ಬಿದ್ದು ಸುತ್ತಲಿನ ಜೌಗುಗಳ ಹೂವೆಲ್ಲ ಸುಟ್ಟುಹೋಯಿತು. ಗುಡ್ಡದ ಮರೆಯಲ್ಲಿದ್ದ ಅತ್ತೆಯ ಜೌಗು ಮಾತ್ರ ಉಳಿಯಿತು. ಅತ್ತೆಗೋ ಸೊಂಟದ ಆಪರೇಷನ್ ಆಗಿತ್ತು. ಕಿಟಕಿಯ ಬಳಿಯ ಕುರ್ಚಿ ಬಿಟ್ಟು ಅಲುಗುವ ಹಾಗಿರಲಿಲ್ಲ.

"ಗುಡ್ಡದ ಮೇಲಿಂದ ನೋಡ್ದೆ ಸೈಮಿ, ಹಳದಿ ಹಾಸಿದಂಗಿದೆ," ಎಂದ ಉರ್ಪೊ. "ಅಲ್ಲಿಗೇ ಕರ್ಕೊಂಡ್ಹೋಗು. ಅಕ್ಕನ ಕೈಲಿ ನಡೆಯಕ್ಕಾಗಲ್ಲ. ಅವಳಿಗೆ ಗೊತ್ತಾದ್ರೆ ತಾನೆ?"

"ನಾಚಿಕೆ ಆಗಲ್ವಾ ಮಾಮ ನಿಂಗೆ?" ಎಂದು ಚೆನ್ನಾಗಿ ಬೈದೆ.

ಬೈದವಳು ಮಾರನೆಯ ದಿನ ಮಾಡಿದ್ದೇನು? ಹನ್ನೊಂದು ಜನರನ್ನು ಕಟ್ಟಿಕೊಂಡು ದೋಣಿಮನೆಯವರೆಗೂ ಹೋದೆ. ಗೋಡೆಗೆ ಅತ್ತೆಯ ಗಾಳ ಒರಗಿತ್ತು. ಅವಳು ಇಟ್ಟಲ್ಲೇ ಇತ್ತು, ಹಿಡಿಯ ಮೇಲೆ ಹೋದ ವರ್ಷದ ಹಳದಿ ಕಲೆ. ನನ್ನ ಕಾಲು ಮುಂದಕ್ಕೆ ಬರಲಿಲ್ಲ.

"ಈ ವರ್ಷ ಹಣ್ಣಿಲ್ಲ, ತಪ್ಪಾಯ್ತು," ಎಂದೆ. "ಬನ್ನಿ, ಸೌನಾ ಕಾಯಿಸ್ತೀನಿ."

ಹೊಸ ಬಕೆಟ್ಟು ತಂದಿದ್ದ ಒಬ್ಬರು ಕೆಂಡವಾದರು. "ಹಣ್ಣಿಗೇ ಅಂತ ಅಷ್ಟು ದೂರದಿಂದ ಬಂದಿದೀವಿ ಕಣ್ರೀ! ಎಲ್ಲರಿಗೂ ಹೇಳ್ತೀನಿ, ಇವರ ಹತ್ರ ಹೋಗ್ಬೇಡಿ ಅಂತ!"

"ಕಾಡು ಕಣ್ರೀ ಇದು, ಅಂಗಡಿ ಅಲ್ಲ," ಎಂದುಬಿಟ್ಟೆ. ಬಾಯಿ ಸುಮ್ಮನಿರಬೇಕಲ್ಲ! ಮುಂದಿನ ಬೇಸಿಗೆಗೆ ಒಬ್ಬರೂ ಬರುವುದಿಲ್ಲ ಎಂದುಕೊಂಡೇ ಸೌದೆ ಒಟ್ಟಿದೆ.

ಅವರು ಹೊರಟ ಮೇಲೆ ಅತ್ತೆ ಹೇಳಿಕಳಿಸಿದಳು.

"ಬಾಗಿಲು ಹಾಕೇ. ಕಿಟಕಿನೂ ಹಾಕು." ಆಮೇಲೆ ಪಿಸುದನಿಯಲ್ಲಿ, "ದೋಣಿಮನೆ ಹಿಂದೆ ಸುತ್ತು ಹಾಕಿ, ಗುಡ್ಡ ಹತ್ತಿ ಇಳಿದ್ರೆ..."

"ಅಯ್ಯೋ, ಅಲ್ಲೂ ಹಿಲ್ಲಾ ಇದೆಯಾ ಅತ್ತೆ?"

"ಸಾಕು ಮಾಡೇ ನಾಟಕಾನ. ಒಂಬತ್ತು ವರ್ಷದವಳಿದ್ದಾಗ್ಲೇ ಪೊದೆ ಕೆಳಗೆ ನಿನ್ನ ಕೆಂಪು ಬೂಟು ನೋಡಿದ್ದೆ. ಅವತ್ತಿಂದ ಒಬ್ಬರ ಹತ್ರನೂ ಬಾಯಿ ಬಿಟ್ಟಿಲ್ಲ ನೀನು. ಇವತ್ತು ಅಷ್ಟು ಜನಾನ ದೋಣಿಮನೆ ತನಕ ಕರ್ಕೊಂಡ್ಹೋಗಿದ್ದು ಈ ಕಿಟಕಿಯಿಂದ ಕಂಡಾಗ ಜೀವ ಬಾಯಿಗೆ ಬಂತು ಕಣೇ." ನನ್ನ ಕೈ ಹಿಡಿದುಕೊಂಡಳು. "ತಿರುಗಿಸ್ಕೊಂಡು ಬಂದ್ಯಲ್ಲ. ಇನ್ನು ಅದು ನಿನ್ನದು."

ನಾನು ಅತ್ತೇಬಿಟ್ಟೆ. ಇಷ್ಟು ವರ್ಷ ಅವಳ ಗುಟ್ಟು ಕಾಯುತ್ತಿದ್ದೇನೆ ಎಂದು ಬೀಗಿದ್ದವಳು ನಾನು. ಅವಳು ಕೂತಲ್ಲಿಂದಲೇ ನನ್ನನ್ನು ಕಾಯುತ್ತಿದ್ದಳು.

"ಅಳು ನಿಲ್ಸು. ಆ ಉರ್ಪೊಗೆ ಮಾತ್ರ ಗೊತ್ತಾಗ್ಬಾರದು. ಐವತ್ತು ವರ್ಷ ಪಕ್ಕದಲ್ಲೇ ಇದಾನೆ, ಒಂಚೂರೂ ಅನುಮಾನ ಬಂದಿಲ್ಲ ಆ ಪೆದ್ದನಿಗೆ!"

"ಇಲ್ಲ ಅತ್ತೆ, ಗೊತ್ತಾಗಲ್ಲ," ಎಂದೆ.

ಬೆಳಗ್ಗೆ ದೋಣಿಮನೆಗೆ ಹೋಗಿ ಗಾಳ ತಂದೆ. ಅತ್ತೆಯ ಬಕೆಟ್ಟಿಗೆ ಬಟ್ಟೆ ಮುಚ್ಚಿ, ಗಾಳವನ್ನು ಹೆಗಲಿಗೇರಿಸಿ, ಅವಳ ಗೇಟಿನಿಂದಲೇ ಸರೋವರದ ಕಡೆಗೆ ಹೊರಟೆ. ಉರ್ಪೊ ಬೇಲಿಯಲ್ಲಿದ್ದ. ಗಾಳ ನೋಡಿದ, ಬಕೆಟ್ಟು ನೋಡಿದ. ಈ ಸಲ ಅವನ ಕಣ್ಣಲ್ಲಿ ನಗು ಇರಲಿಲ್ಲ, ನೀರಿತ್ತು. ಅತ್ತೆಯ ಕಿಟಕಿಗೆ ಕೇಳಿಸುವಷ್ಟು ಜೋರಾಗಿ ಕೇಳಿದ:

"ಏನಮ್ಮಾ ಸೈಮಿ, ಮೀನಿಗಾ?"

"ಹೂಂ ಮಾಮ," ಎಂದೆ, "ಮೀನಿಗೆ."