ಒರಿಸಿಟ್ಟ ಬಫರ್

ತಿಕೋಟಾ ಬಸ್ ಹತ್ತಿದ ಸಾದಿಕ ಚೀಲದಾಗ ಕೇಬಲ್ ಐತಿಲ್ಲೋ ಅಂತ ಮತ್ತ ಮತ್ತ ನೋಡ್ಕೊಂಡ. ಗಾಂಧಿ ಚೌಕದ ಹಿಂದಿನ ಆಫೀಸಿನ್ಯಾಗ ಆರು ವರ್ಷ ಒಂದ ಟೇಬಲ್ಲಿಗೆ ಕೂತು ಕೆಲಸ ಮಾಡಿದ ಗೆಳೆಯ ಗೌತಮ, ಬಬಲೇಶ್ವರ ರಸ್ತಾದಾಗ ಟ್ರಕ್ ಬಡದು ಸತ್ತು ಮೂರು ತಿಂಗಳಾಗಿತ್ತು. ಆವಾಗ ಅವನ ಹೆಂಡತಿ ವಿಶಾಖಾ ಬಸುರಿ. ಈಗ ಅಕಿ ಉಡಿಯಾಗ ಐದು ವಾರದ ಹೆಣ್ಣಕೂಸು.

ಗೌತಮ ದಿನಾ ಮುಂಜಾನಿ ಆಫೀಸಿಗೆ ಹೊರಡೂಕಿಂತ ಮೊದಲ ಬಾಗಲಾ ಹಾಕ್ಕೊಂಡು ಹತ್ತು ಮಿನಿಟು ಲ್ಯಾಪ್‌ಟಾಪಿನ ಮುಂದ ಮಾತಾಡ್ತಿದ್ನಂತ. ಹೊಟ್ಟ್ಯಾಗಿನ ಕೂಸಿಗೆ! ವಿಶಾಖಾ “ನನಗೂ ಕೇಳಸ್ರಿ” ಅಂದ್ರ “ಹುಟ್ಟಲಿ ತಡಿ, ಇಬ್ಬರಿಗೂ ಕೂಡೇ ಕೇಳಸ್ತೀನಿ” ಅಂತ ನಗತಿದ್ನಂತ. ಆ ಮಾತೆಲ್ಲಾ ಅವ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿನೊಳಗಿನ ಒಂದು ಭದ್ರತಾ ಚಿಪ್ಪಿನ ಕೀಲಿ ಹಾಕಿ ಇಟ್ಟಿದ್ದ. ಆ ಚಿಪ್ಪು ನಡಸೋ ಡ್ರೈವರ್ ಅನ್ನೋ ಪ್ರೋಗ್ರಾಂ ಬರದವರು ಅವನೂ ಸಾದಿಕನೂ ಕೂಡೇ. ಪಾಸ್‌ವರ್ಡ್ ಐದು ಸಲ ತಪ್ಪಿದ್ರ ಚಿಪ್ಪು ಕಾಯಂ ಬಾಯಿ ಮುಚ್ಚತೈತಿ. ವಿಶಾಖಾ ನಾಕು ಸಲ ತಪ್ಪಿ, ಒಂದ ಸಲ ಉಳದಾಗ ಸಾದಿಕನ್ನ ಕರಸಿದ್ಲು.

“ಇದನ್ನ ಆರಿಸಿಲ್ಲರಿ ಅಣ್ಣಾರ,” ಅಂದ್ಲು ವಿಶಾಖಾ, ಮನಿಗೆ ಬಂದು ಕೂತ ಸಾದಿಕನ ಮುಂದ ಗೌತಮನ ಲ್ಯಾಪ್‌ಟಾಪ್ ಸರಿಸಿ. “ಚಾರ್ಜರ್ ಅವರ ಹಚ್ಚಿ ಹೋಗಿದ್ರು. ಕೀಳಾಕ ಮನಸ ಬರಲಿಲ್ಲ.”

ಆ ಒಂದು ಮಾತಿಗೆ ಸಾದಿಕಗ ಹೋದ ಜೀವ ಬಂದಂಗಾತು. ಯಾಕಂದ್ರ ಚಿಪ್ಪಿಗೆ ಏನರ ಹೇಳಬೇಕಂದ್ರ ಡ್ರೈವರ್ ಅದನ್ನ ಪ್ರತಿ ಸಲ ಮೆಮೊರಿಯ ಒಂದು ಹೊಸಾ ಜಾಗಾದಾಗ ಬರದು ಕಳಸತೈತಿ. ಆ ಜಾಗಾಕ್ಕ ಬಫರ್ ಅಂತಾರ. ಪಾಸ್‌ವರ್ಡೂ ಅದರಾಗ ಇರತೈತಿ. ಕೆಲಸ ಮುಗದಮ್ಯಾಲ ಬಫರ್ ಒರಿಸಿ ಇಡಬೇಕು. ಒರಿಸದಿದ್ರ ಬರದದ್ದು ಹಂಗ ಉಳೀತೈತಿ, ಮಶೀನು ಆರಿಸೋತನಕ.

ಹೋದ ವರ್ಷ ಬರದ ಡ್ರೈವರಿನ್ಯಾಗ ಗೌತಮ ಬಫರ್ ಒರಿಸೋ ಸಾಲು ಹಾಕಿರಲಿಲ್ಲ. ಸಾದಿಕ ಅವನ ಮೈಮ್ಯಾಲ ಹೋಗಿ ಬೈದಿದ್ದ: “ಹಿಟ್ಟ ನಾದಿದ ಪರಾತ ಮನ್ಯಾಗ ಹಂಗ ಬಿಡ್ತೀಯೇನಲೇ? ತೊಳದಿಡು!” ತಿದ್ದೋತನಕ ಅವನ ಕೋಡ್‌ಗೆ ಸೈ ಅಂದಿರಲಿಲ್ಲ. ಆದ್ರ ಈ ಲ್ಯಾಪ್‌ಟಾಪಿನ್ಯಾಗ ಹಳೇ ಡ್ರೈವರ್ ಐತೋ, ತಿದ್ದಿದ್ದೋ? ಆಫೀಸಿಂದ ತಂದ ಕೇಬಲ್ಲಿಂದ ಅದನ್ನ ತನ್ನ ಲ್ಯಾಪ್‌ಟಾಪಿಗೆ ಹಚ್ಚಿ ಮೆಮೊರಿ ತೆರಿಯಾಕ ಕೂತ. ಯಾ ಅಲ್ಲಾ, ಇದೊಂದ ಮಶೀನಿನ್ಯಾಗರ ಅವ ನನ್ನ ಮಾತು ಕೇಳಿರಬಾರದು ಅಂತ ಬೇಡ್ಕೊಂಡ.

ತಾಸು ಹೊತ್ತು ಹುಡುಕಿದ. ಗೌತಮ ಕಡೀ ಸಲ ತೆರದಾಗಿನ ಬಫರ್ ಸಿಕ್ತು. ಅದರಾಗ ಇದ್ದದ್ದು ಸೊನ್ನಿ. ಈ ತುದಿಯಿಂದ ಆ ತುದಿತನಕ ಬರೇ ಸೊನ್ನಿ. ಗೌತಮ ತೊಳದಿಟ್ಟಿದ್ದ, ಹೇಳಿದ್ದಕ್ಕಿಂತ ಸ್ವಚ್ಛ.

“ನನ್ನ ಮಗನ ದನಿ ಬಂತೇನೋ ಯಪ್ಪಾ?” ಬಾಗಲದಾಗ ಕೂತಿದ್ದ ಗೌತಮನ ತಾಯಿ ತಿಪ್ಪವ್ವ ಕೇಳಿದ್ಲು.

ಚಿಪ್ಪು ಕೆಟ್ಟೈತಿ ಅಂತ ಸುಳ್ಳು ಹೇಳಿ ಪಾರಾಗಬಹುದಿತ್ತು. ನಾಲಿಗಿ ತುದಿಗೆ ಬಂದಿತ್ತು ಕೂಡ. ಆ ಮುದುಕಿ ಮಾರಿ ನೋಡಿ ಆಗಲಿಲ್ಲ.

“ಇಲ್ಲಬೇ ಯವ್ವಾ. ಇನ್ನ ಬರೂದಿಲ್ಲ. ನಾನ ಅವಗ ಬೈದು ಬೈದು ಪಾಸ್‌ವರ್ಡ್ ಒರಿಸಾಕ ಹಚ್ಚೇನಿ. ಅವನ ಪಾಡಿಗೆ ಬಿಟ್ಟಿದ್ರ ಇವತ್ತ ಸಿಗತಿತ್ತು.”

ತಿಪ್ಪವ್ವ ಸೆರಗ ಬಾಯಿಗೆ ಹಿಡ್ಕೊಂಡ್ಲು. ವಿಶಾಖಾ ಕೂಸಿನ ತಲೀಮ್ಯಾಲಿನ ಕುಂಚಗಿ ಸರಿ ಮಾಡಿದ್ಲು, ಮತ್ತ ಮಾಡಿದ್ಲು, ಸರೀನ ಇತ್ತು.

“ಬೈದಾಗ ಅವರು ಏನಂದ್ರು?” ಅಂದ್ಲು ಕಡೀಕ.

ಏನಂದನೋ ನೆನಪಾಗದ ಸಾದಿಕ ತನ್ನ ಲ್ಯಾಪ್‌ಟಾಪಿನ್ಯಾಗ ಆ ಕೋಡ್ ತೆರದ. ಅವತ್ತ ಗಡಿಬಿಡಿಯೊಳಗ ತಿದ್ದಿದ ಸಾಲಷ್ಟ ನೋಡಿ ಸೈ ಅಂದಿದ್ದ. ಅದರ ಮ್ಯಾಲ ಗೌತಮ ಕನ್ನಡದಾಗ ಒಂದು ಟಿಪ್ಪಣಿ ಬರದಿದ್ದ. ಅದನ್ನ ಸಾದಿಕ ಈಗ ಮೊದಲನೇ ಸಲ, ಅವರಿಗೂ ಕೇಳೂಹಂಗ ಓದಿದ: “ಸಾದಿಕಪ್ಪ ಬೈತಾನಂತ ಒರಿಸೇನಿ. ಇನ್ನರ ಒಂದು ಚಾ ಕುಡಸಲೇ.”

“ಕುಡಿಸಿದ್ರಿಲ್ಲೋ?” ಅಂದ್ಲು ವಿಶಾಖಾ.

“ಇಲ್ಲವಾ. ಓದೇ ಇರಲಿಲ್ಲ.” ಅಷ್ಟಂದವನ ಸಾದಿಕ ಅಳಾಕ ಹತ್ತಿದ, ಸಣ್ಣ ಹುಡುಗರಗತೆ, ನಾಚಿಕಿ ಬಿಟ್ಟು.

ವಿಶಾಖಾ ಅವನ ಅಳು ಮುಗಿಯೋತನಕ ಕಾದ್ಲು. ಆಮ್ಯಾಲ ಕೂಸನ್ನ ತಂದು ಅವನ ಉಡಿಯಾಗ ಹಾಕಿದ್ಲು.

“ಅವರು ಹೆಂಗ ಅಂತಿದ್ರೋ ಹಂಗ ಅನ್ರಿ ಅಣ್ಣಾರ. ಇದು ಕೇಳಲಿ.”

ಗೌತಮ ಮಾತು ಎಳದು ಎಳದು ಆಡಾಂವ, ಕಡೀಕ ನಗಾಂವ. ಸಾದಿಕ ಹಂಗ ಎಳದು ಓದಿದ, ನಗೂದು ಮಾತ್ರ ಆಗಲಿಲ್ಲ. ತಿಪ್ಪವ್ವ “ಇನ್ನೊಮ್ಮಿ ಅನ್ನೋ ಯಪ್ಪಾ” ಅಂದ್ಲು. ಮತ್ತ ಓದಿದ. ಕೂಸು ಕಣ್ಣಬಿಟ್ಟು ಅವನ ಮಾರೀನ ನೋಡಾಕತ್ತಿತ್ತು. ಅಪ್ಪನ ಮಾತು ಅದರ ಪಾಲಿಗೆ ಅಷ್ಟ ಉಳದಿತ್ತು, ಅದೂ ಇನ್ನೊಬ್ಬನ ದನ್ಯಾಗ.