ನಲವತ್ತು ಎಂದರೆ ನಲವತ್ತು

ನನ್ನ ಭಾವ, ಎಂದರೆ ನನ್ನ ಅಕ್ಕನ ಗಂಡ, ನಿದ್ದೆಯಿಂದ ಎಚ್ಚತ್ತ ತಕ್ಷಣ ನೆಲಕ್ಕೆ ಕಾಲಿಟ್ಟದ್ದನ್ನು ನಾನು ಕಂಡೇ ಇಲ್ಲ. ಮಂಚದ ಅಂಚಿನಲ್ಲಿ ಎರಡೂ ಅಂಗೈಗಳನ್ನು ಮೊಣಕಾಲುಗಳ ಮೇಲೆ ಊರಿ, ಅರೆಗಣ್ಣು ಮುಚ್ಚಿ, ಪೂರ್ತಿ ಒಂದು ನಿಮಿಷ ಧ್ಯಾನಸ್ಥರಂತೆ ಕುಳಿತಿದ್ದು, ಆಮೇಲಷ್ಟೇ ಎದ್ದು ನಿಲ್ಲುವರು. ಯಾಕೆಂದು ಕೇಳಿದವರಿಗೆ ಅವರ ಉತ್ತರ ಒಂದೇ: "ತಾಳಪ್ಪ, ಮೇಲಕ್ಕೆ ಹತ್ತಲಿ." ಹತ್ತಬೇಕಾದದ್ದು ಎಣ್ಣೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಣ್ಣೆಯೆಲ್ಲ ಇಳಿದು ಎಂಜಿನ್ನಿನ ತಳದಲ್ಲಿ ಮಲಗಿರುತ್ತದೆ. ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಲೋಹಕ್ಕೆ ಲೋಹ ಒಣಮೈಯಲ್ಲೇ ಉಜ್ಜುತ್ತದೆ. ಆದ್ದರಿಂದ ಎಂಜಿನ್ನು ಸವೆಯುವುದು ದೂರದ ದಾರಿಯಲ್ಲಲ್ಲ, ಮನೆಯ ಮುಂದೆಯೇ ಎಂಬುದು ಅವರ ಸಿದ್ಧಾಂತ. ಮನುಷ್ಯನ ಮೈಗೂ ಅದೇ ನ್ಯಾಯವೆಂದು ಅವರು ಯಾರನ್ನೂ ಕೇಳದೆ ತೀರ್ಮಾನಿಸಿಬಿಟ್ಟಿದ್ದರು.

ಮಾತಿಗೂ ಅದೇ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಿದಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಬಾಯಿ ತೆರೆಯುವ ಅವರ ರೀತಿಗೆ ಹೊಂದಿಕೊಳ್ಳಲಾರದೆ, ಫೋನು ಮಾಡಿದ ಅರ್ಧ ಜನ ಲೈನು ಸತ್ತಿದೆಯೆಂದುಕೊಂಡು ಇಟ್ಟುಬಿಡುತ್ತಿದ್ದರು. "ಅಡುಗೆ ಏನು ಮಾಡ್ಲಿ ಅಂತ ಇವರನ್ನ ಕೇಳಿದ್ರೆ, ಉತ್ತರ ಬರೋ ಹೊತ್ತಿಗೆ ನಾನು ಪಾತ್ರೆ ತೊಳೆದಿಟ್ಟಿರ್ತೀನಿ" ಎಂದು ಅಕ್ಕ ನಗುತ್ತಿದ್ದಳು. ಅದು ಅವಳು ಮನಸಾರೆ ನಗುತ್ತಿದ್ದ ಕಾಲ.

ಅವರು ಪಿಕಪ್ ಗಾಡಿಯಲ್ಲಿ ಗಾಜು ಸಾಗಿಸುವವರು. ಕಿಟಕಿಯ ಗಾಜು, ಅಂಗಡಿ ಮುಂಗಟ್ಟಿನ ಆಳೆತ್ತರದ ಗಾಜು, ನಿಲುವುಗನ್ನಡಿ, ಎಲ್ಲವನ್ನೂ ಗಾಡಿಯ ಹಿಂಭಾಗದಲ್ಲಿ ಮರದ ಚೌಕಟ್ಟಿಗೆ ಒರಗಿಸಿ, ನಡುನಡುವೆ ಹಳೆಯ ಕಂಬಳಿಯ ತುಂಡುಗಳನ್ನಿಟ್ಟು, ಮಗುವಿಗೆ ಹೊದಿಸುವಷ್ಟು ನಾಜೂಕಾಗಿ ಹಗ್ಗ ಬಿಗಿಯುತ್ತಿದ್ದರು. ಹೆಗಲು ಬಣ್ಣಗೆಟ್ಟ ಖಾಕಿ ಕೋಟು ಬೇಸಿಗೆಯಲ್ಲೂ ಮೈಮೇಲೆ. ಅದರ ಎಡಜೇಬಿನಲ್ಲಿ ಮಡಿಸಿಟ್ಟ ಒಂದು ಬಿಳಿಯ ಅರಿವೆ. ಬಿಳಿಯದೇ ಆಗಬೇಕು, ಎಣ್ಣೆಯ ಬಣ್ಣ ಅದರ ಮೇಲೆ ಮಾತ್ರ ಸುಳ್ಳು ಹೇಳುವುದಿಲ್ಲವಂತೆ. ದಿನವೂ ಬೆಳಗ್ಗೆ ಎಣ್ಣೆ ನೋಡುವ ಕಡ್ಡಿಯನ್ನೆಳೆದು, ಒರೆಸಿ, ಮತ್ತೆ ಅದ್ದಿ ತೆಗೆದು, ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು, ಮೂಗಿಗೆ ಹಿಡಿದು, ಬಿಸಿಲಿಗೆ ಹಿಡಿದು ನೋಡುವರು. ಹೊಸೆದಾಗ ಮರಳಿನ ಸುಳಿವು ಸಿಕ್ಕಿತೋ, ಆ ದಿನ ಗಾಜೂ ಇಲ್ಲ ಗಿರಾಕಿಯೂ ಇಲ್ಲ, ಎಣ್ಣೆ ಬದಲಾದ ಮೇಲೆಯೇ ಮುಂದಿನ ಕೆಲಸ. ಗಾಡಿ ನಿಲ್ಲುವ ಜಾಗದಲ್ಲಿ ಅವರಿಗೆ 'ಎಣ್ಣೆ ಯಜಮಾನ' ಎಂದೇ ಹೆಸರು. ಹೊಸಬರು ಹೆಸರು ಕೇಳಿ, ಪಾಪ, ಕುಡಿತದ ಚಟವಿರಬೇಕೆಂದು ಮರುಗುತ್ತಿದ್ದರು. ಭಾವ ಕಾಫಿಯನ್ನೂ ಎರಡನೇ ಲೋಟ ಮುಟ್ಟದ ಮನುಷ್ಯ.

ಇಂಥವರ ಗಾಡಿಯ ಎಂಜಿನ್ನೇ ಒಂದು ಸಲ ಹಾಳಾಯಿತು. ಭಾವನ ಒಡಹುಟ್ಟಿದ ತಮ್ಮ ಎರವಲು ಕೇಳಿದನೆಂದು ನಾಲ್ಕು ದಿನ ಕೊಟ್ಟಿದ್ದರು. ಆ ಪುಣ್ಯಾತ್ಮ ಎಣ್ಣೆಯ ಕೆಂಪು ದೀಪ ಉರಿಯುತ್ತಿದ್ದರೂ 'ಏನೋ ದೀಪ' ಎಂದು ಓಡಿಸಿ, ಬಟಾಬಯಲಿನಲ್ಲಿ ಎಂಜಿನ್ನು ಬಿಗಿದುಕೊಂಡು ನಿಂತಮೇಲೆ ಫೋನು ಮಾಡಿದ. ಭಾವ ತಮ್ಮನನ್ನು ಒಂದು ಮಾತೂ ಬೈಯಲಿಲ್ಲ. ಎಂಜಿನ್ ಮೇಸ್ತ್ರಿಯ ಷೆಡ್ಡಿನಲ್ಲಿ, ಬಿಚ್ಚಿ ಹರಡಿದ ಪಿಸ್ಟನ್ನುಗಳ ಮೈಮೇಲಿನ ಗೀರುಗಳನ್ನು ಬೆರಳಿನಿಂದ ಸವರುತ್ತ ಸಂಜೆಯವರೆಗೆ ಕುಳಿತಿದ್ದರಷ್ಟೆ. ಹೊಸ ಪಿಸ್ಟನ್ನು, ಹೊಸ ರಿಂಗು ಕೂರಿಸಿ ಎಂಜಿನ್ನು ಕಟ್ಟಿಕೊಟ್ಟ ದಿನ ಮೇಸ್ತ್ರಿ ಎಲ್ಲರಿಗೂ ಹೇಳುವಂತೆಯೇ ಹೇಳಿದ: "ಮೊದಲ ಸಾವಿರ ಕಿಲೋಮೀಟರ್ ಸ್ಪೀಡು ನಲವತ್ತು ದಾಟಬೇಡಿ ಯಜಮಾನ್ರೆ. ಹೊಸ ರಿಂಗು ಉಜ್ಜಿ ಉಜ್ಜಿ ಸರಿಯಾಗಿ ಕೂತ್ಕೊಳ್ಳೋವರೆಗೂ ಹಸುಗೂಸಿನ ಥರ ನೋಡ್ಕೊಳ್ಳಿ." ಭಾವ ಹತ್ತು ಎಣಿಸುವಷ್ಟು ಸುಮ್ಮನಿದ್ದು ತಲೆಯಾಡಿಸಿದರು. ಅವರು ತಲೆಯಾಡಿಸಿದರೆಂದರೆ ಅದು ಕಲ್ಲಿನ ಮೇಲಿನ ಗೆರೆ.

ಅವರಿಗೆ ಒಬ್ಬಳೇ ಮಗಳು. ಬೀದಿಯ ಕುಂಟನಾಯಿಗಳನ್ನೂ ಕಿವಿ ಹರಿದ ಬೆಕ್ಕುಗಳನ್ನೂ ಮನೆಗೆ ಹೊತ್ತು ತರುತ್ತಿದ್ದ ಆ ಹುಡುಗಿಗೆ ಪಶುವೈದ್ಯಳಾಗಬೇಕೆಂಬ ಒಂದೇ ಹಂಬಲ. ಆ ಕಾಲೇಜಿನ ಪ್ರವೇಶ ಪರೀಕ್ಷೆಗೆ ಮೂರೇ ವರ್ಷದ ಅವಕಾಶ, ಬರೆದರೂ ಅಷ್ಟೇ ಬಿಟ್ಟರೂ ಅಷ್ಟೇ. ಮೊದಲನೆಯ ಸಲ ಕೂದಲೆಳೆಯಲ್ಲಿ ತಪ್ಪಿತು. ಎರಡನೆಯ ಸಲ ಪರೀಕ್ಷೆಯ ವಾರವೇ ವಿಷಮಶೀತಜ್ವರ. ಮೂರನೆಯದು, ಎಂಜಿನ್ನು ಕಟ್ಟಿದ ತಿಂಗಳಲ್ಲೇ ಬಂದದ್ದು, ಕೊನೆಯದು. ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿ ಉಳಿಯುತ್ತೇನೆಂದು ಅವಳು ಹೊರಟಿದ್ದಳು. "ನಾನಿರೋವಾಗ ಬಸ್ಸು ಯಾಕೆ ಪುಟ್ಟಿ?" ಎಂದವರು ಭಾವ. ದೂರ ಎಂಬತ್ತೈದು ಕಿಲೋಮೀಟರು. ಆರಕ್ಕೆ ಹೊರಟರೆ ನಲವತ್ತರಲ್ಲೇ ಹೋದರೂ ಎಂಟೂಕಾಲರೊಳಗೆ ತಲುಪಬಹುದು. ಗೇಟು ಮುಚ್ಚುವುದು ಒಂಬತ್ತಕ್ಕೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಜೊತೆಗಿರಲೆಂದು ನಾನೂ ಹತ್ತಿದೆ. ಅವಳು ನಮ್ಮಿಬ್ಬರ ನಡುವೆ, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ತುಟಿಯಲ್ಲೇ ಓದಿಕೊಳ್ಳುತ್ತ ಕುಳಿತಿದ್ದಳು.

ಎರಡು ಪಾಲು ದಾರಿ ಕಳೆದಮೇಲೆ ರೈಲ್ವೆ ಗೇಟಿನಲ್ಲಿ ಒಂದು ಗೂಡ್ಸ್ ರೈಲು ರಸ್ತೆಗೆ ಅಡ್ಡಲಾಗಿ ಕೆಟ್ಟು ನಿಂತಿತ್ತು. ಮುಕ್ಕಾಲು ಗಂಟೆಯ ಮೇಲೆ ಹತ್ತು ನಿಮಿಷ ಕಾದೆವು. ಗೇಟು ತೆರೆದಾಗ ಎಂಟು ಇಪ್ಪತ್ತೆರಡು. ಉಳಿದದ್ದು ಇಪ್ಪತ್ತೆಂಟು ಕಿಲೋಮೀಟರು. ಐವತ್ತರಲ್ಲಿ ಹೋದರೆ ಸಿಗುತ್ತದೆ, ನಲವತ್ತರಲ್ಲಿ ಸಿಗುವುದಿಲ್ಲ: ಇದು ನನಗೂ ತಿಳಿಯಿತು, ಅವಳಿಗೂ ತಿಳಿಯಿತು. ರಸ್ತೆ ಅಂಗೈಯಂತೆ ಚೊಕ್ಕವಾಗಿತ್ತು. ವೇಗದ ಮುಳ್ಳು ನಲವತ್ತಕ್ಕೆ ಬಂದು ಅಲ್ಲೇ ನಿಂತಿತು.

"ಅಪ್ಪಾ, ಸ್ವಲ್ಪ ಜೋರಾಗಿ ಹೋಗಪ್ಪ."

ಹತ್ತು ಎಣಿಸುವಷ್ಟು ಮೌನ. "ಇನ್ನೂ ಆರ್ನೂರು ಕಿಲೋಮೀಟರ್ ಬಾಕಿ ಇದೆ ಪುಟ್ಟಿ. ರಿಂಗು ಕೂತಿಲ್ಲ."

"ಅಪ್ಪಾ, ಗೇಟು ಮುಚ್ಚಿಬಿಡ್ತಾರೆ."

ಮತ್ತೆ ಅದೇ ಮೌನ. ಆ ಮೌನದಲ್ಲಿ ಎಷ್ಟು ಮೈಲಿಗಲ್ಲುಗಳು ಸರಿದವೋ! "ಎರಡು ನಿಮಿಷ ಹೆಚ್ಚುಕಮ್ಮಿ ಆದ್ರೆ ಯಾರೂ ಮುಚ್ಚೋದಿಲ್ಲ ಬಿಡು. ಅವರೂ ಮನುಷ್ಯರೇ ಅಲ್ವಾ."

ನಾನು "ಭಾವ..." ಎಂದೆ. ಅವರು ನನ್ನತ್ತ ತಿರುಗಲಿಲ್ಲ; ನಾನೂ ಮುಂದುವರಿಸಲಿಲ್ಲ. ಹುಡುಗಿ ಪುಸ್ತಕ ಮುಚ್ಚಿ ಮುಳ್ಳನ್ನೇ ನೋಡುತ್ತ ಕುಳಿತಳು. ಹಳೆಯ ಮೊಪೆಡ್ಡಿನ ಹಿಂದೆ ಹುಲ್ಲುಹೊರೆ ಕಟ್ಟಿಕೊಂಡ ಒಬ್ಬ ಮುದುಕ ಇಳಿಜಾರಿನಲ್ಲಿ ನಮ್ಮನ್ನು ಹಿಂದೆ ಹಾಕಿ ಹೋದ.

ನಾವು ತಲುಪಿದಾಗ ಒಂಬತ್ತು ಗಂಟೆ ನಾಲ್ಕು ನಿಮಿಷ. ಗೇಟಿನ ಒಳಗೆ ನಿಂತಿದ್ದ ಕಾವಲುಗಾರ ಇಸ್ತ್ರಿ ಮುರಿಯದ ಅಂಗಿಯ, ಹಲ್ಲು ಕಚ್ಚಿ ಮಾತಾಡುವ ಮನುಷ್ಯ. ಅವಳು ಸರಳು ಹಿಡಿದು ಅತ್ತಳು, ನಾನು ಕೈಮುಗಿದೆ. ಆತನ ಕಣ್ಣೂ ತೇವವಾಗಿತ್ತು, ಆದರೂ, "ತಪ್ಪು ತಿಳ್ಕೋಬೇಡಮ್ಮ, ಒಂಬತ್ತು ಅಂದ್ರೆ ಒಂಬತ್ತೇ. ಒಬ್ಬರಿಗೆ ತೆಗೆದ್ರೆ ಆ ಮಾತಿಗೆ ಏನು ಬೆಲೆ?" ಎಂದ. ಆಗ ನನ್ನ ಭಾವ, ಖಾಕಿ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಹಿಂದೆ ನಿಂತಿದ್ದವರು, ಆ ಮಾತು ಕೇಳಿ ನಿಧಾನವಾಗಿ ತಲೆಯಾಡಿಸಿದರು. ಹೌದು, ಸರಿಯೇ ಎಂಬಂತೆ. ಬೇಕೆಂದು ಆಡಿಸಿದ ತಲೆಯಲ್ಲ ಅದು. ತನ್ನ ಜಾಯಮಾನದವನೊಬ್ಬನನ್ನು ಕಂಡಾಗ ತಾನಾಗಿ ಆಡಿದ್ದು. ಮಗಳು ತಿರುಗಿದವಳು ಅದನ್ನು ನೋಡಿಬಿಟ್ಟಳು. ತಡವಾದದ್ದನ್ನು ಅವಳು ಹೊಟ್ಟೆಗೆ ಹಾಕಿಕೊಂಡಳು, ಆ ತಲೆಯಾಡಿಸಿದ್ದನ್ನು ಹಾಕಿಕೊಳ್ಳಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮರಳುವ ದಾರಿಯಲ್ಲೂ ಗಾಡಿ ನಲವತ್ತರಲ್ಲೇ ಬಂತು.

ಅವಳು ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು, ಮದುವೆಯಾದಳು, ಎರಡು ಬೀದಿಯಾಚೆ ಮನೆ ಮಾಡಿದಳು. ಭಾನುವಾರ ತಪ್ಪದೆ ಬರುವಳು, ಅಪ್ಪನಿಗೆ ಬಿಸಿ ಆರದಂತೆ ಬಡಿಸುವಳು. ಆ ದಿನದ ಬಗ್ಗೆ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಬೈದಿದ್ದರೆ ಭಾವ ಬದುಕಿಕೊಳ್ಳುತ್ತಿದ್ದರು. ಮನೆಗೆ ನಾಯಿ ಬೆಕ್ಕುಗಳನ್ನು ತರುವುದೂ ನಿಂತಿತ್ತು.

ಇತ್ತ ಆ ಎಂಜಿನ್ನು ಓಡಿತು. ಎಂಥ ಓಟ! ಒಂದು ಲಕ್ಷ, ಎರಡು ಲಕ್ಷ, ಮೂರು ಲಕ್ಷ ಕಿಲೋಮೀಟರು; ಒಮ್ಮೆಯೂ ಬಿಚ್ಚಲಿಲ್ಲ, ಹೊಗೆ ಕಾರಲಿಲ್ಲ, ಒಂದು ಹನಿ ಎಣ್ಣೆ ಕುಡಿಯಲಿಲ್ಲ. ಜೊತೆಯಲ್ಲಿ ಕೊಂಡ ಗಾಡಿಗಳೆಲ್ಲ ಗುಜರಿ ಸೇರಿದರೂ ಇದು ಮಾತ್ರ ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತಿತ್ತು. ಡ್ರೈವರುಗಳು ಬಂದು ಬಾನೆಟ್ಟಿಗೆ ಕಿವಿ ಕೊಟ್ಟು, "ಎಂಜಿನ್ ಅಂದ್ರೆ ಇದು ಕಣ್ರೀ" ಎಂದು ಹೊಗಳಿದಷ್ಟೂ ಭಾವನ ಮುಖ ಸಣ್ಣದಾಗುತ್ತಿತ್ತು. ಮೊದಲೆಲ್ಲ ಬಾನೆಟ್ಟು ಎತ್ತಿ ತೋರಿಸುತ್ತಿದ್ದವರು, ಆಮೇಲಾಮೇಲೆ ಹೊಗಳುವವರು ಬಂದರೆ ಹಗ್ಗ ಸುತ್ತುವ ನೆಪದಲ್ಲಿ ಆಚೆ ಸರಿಯುತ್ತಿದ್ದರು. ಅದು ಕೆಟ್ಟುಹೋಗಿದ್ದರೆ, ಅಯ್ಯೋ, ಒಂದೇ ಒಂದು ಸಲ ಕೆಟ್ಟು ನಡುರಸ್ತೆಯಲ್ಲಿ ನಿಂತಿದ್ದರೆ, ಅವರಿಗೆ ಎಷ್ಟು ಹಗುರವಾಗುತ್ತಿತ್ತೋ!

ಹನ್ನೊಂದು ವರ್ಷಗಳ ಮೇಲೆ, ಕೆಲಸ ಬಿಟ್ಟು ಮನೆಯಲ್ಲಿದ್ದ ಆ ಎಂಜಿನ್ ಮೇಸ್ತ್ರಿ ಚಹಾದಂಗಡಿಯಲ್ಲಿ ಸಿಕ್ಕ. ತಾನು ಕಟ್ಟಿದ ಎಂಜಿನ್ನು ಇನ್ನೂ ಓಡುತ್ತಿದೆಯೆಂದು ತಿಳಿದು ಹಿಗ್ಗಿ, ಗುಟ್ಟೇನೆಂದು ಕೇಳಿದ. "ನೀವು ಹೇಳಿದ ಹಾಗೇ ಸಾವಿರ ಕಿಲೋಮೀಟರ್ ನಲವತ್ತು ದಾಟಲಿಲ್ಲ" ಎಂದರು ಭಾವ.

ಮೇಸ್ತ್ರಿ ಲೋಟ ಕೆಳಗಿಟ್ಟ. "ನಿಜವಾಗ್ಲೂ ನಲವತ್ತಾ? ಅಯ್ಯೋ ನಿಮ್ಮ! ಅರವತ್ತರವರೆಗೂ ಏನೂ ಆಗ್ತಿರಲಿಲ್ಲ ಯಜಮಾನ್ರೆ. ಅರವತ್ತು ಅಂತ ಹೇಳಿದ್ರೆ ಜನ ಎಂಬತ್ತರಲ್ಲಿ ಹೋಗ್ತಾರೆ ಅಂತ ನಾವು ನಲವತ್ತು ಅಂತೀವಿ. ನಲವತ್ತು ಅಂದ್ರೆ ನಲವತ್ತರಲ್ಲೇ ಓಡಿಸಿದವರನ್ನ ನನ್ನ ಜನ್ಮದಲ್ಲಿ ನೋಡಿಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಪಕ್ಕದಲ್ಲೇ ಇದ್ದೆ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ, ಭಾವ ಮಾತಾಡಲಿಲ್ಲ.

ನೇರವಾಗಿ ಮಗಳ ಮನೆಗೆ ನಡೆದರು, ನಾನೂ ಹಿಂದೆಯೇ ಹೋದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಇವರು ಚಪ್ಪಲಿಯನ್ನೂ ಬಿಡದೆ, ಜೀವನದಲ್ಲಿ ಮೊದಲ ಸಲ ಒಂದು ಕ್ಷಣವೂ ತಡೆಯದೆ, ಒಂದೇ ಉಸಿರಿಗೆ ಹೇಳಿಬಿಟ್ಟರು: "ಪುಟ್ಟಿ, ಅರವತ್ತರಲ್ಲಿ ಹೋಗಬಹುದಿತ್ತಂತೆ. ಎಂಜಿನ್‌ಗೆ ಏನೂ ಆಗ್ತಿರಲಿಲ್ಲವಂತೆ. ನನಗೆ ಗೊತ್ತಿರಲಿಲ್ಲ ಕಣಮ್ಮ."

ಅವಳು ಕೋಪಿಸಿಕೊಳ್ಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಅಪ್ಪನ ಮುಖವನ್ನೇ ನೋಡುತ್ತ, ಮೆಲ್ಲಗೆ ಹೇಳಿದಳು: "ಅದು ಬೇಡಪ್ಪ. ಎಂಜಿನ್‌ಗೆ ಏನೂ ಆಗಲ್ಲ ಅಂತ ಗೊತ್ತಿದ್ರೆ ಯಾರು ಬೇಕಾದ್ರೂ ಓಡಿಸ್ತಿದ್ರು. ಆವತ್ತು, ಹಾಳಾಗಿ ಹೋಗ್ಲಿ ಎಂಜಿನ್ನು ಅಂತ ನಿನಗೆ ಅನ್ನಿಸಬೇಕಿತ್ತು."

ಭಾವ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಅವಳು ನೀರು ತಂದುಕೊಟ್ಟಳು, ಕುಡಿದರು. ಮರುದಿನ ಎಂದಿನಂತೆ ಗಾಜು ಹೇರಿಕೊಂಡು ಹೋದರು. ಗಾಡಿ ಈಗಲೂ ಓಡುತ್ತಿದೆ.

ಇಂಥವರು ಎಲ್ಲ ಕಡೆಯೂ ಇರುತ್ತಾರೆ. ಲೋಕವು ತನ್ನ ನಿಯಮಗಳನ್ನು ಮಾಡುವಾಗಲೇ, ಮುರಿಯುವವರಿಗಾಗಿ ಒಂದಷ್ಟು ಜಾಗ ಬಿಟ್ಟು ಮಾಡಿರುತ್ತದೆ. ನಾವೆಲ್ಲ ಆ ಜಾಗದಲ್ಲಿ ನುಸುಳಿ, ಹೇಗೋ ವೇಳೆಗೆ ಸರಿಯಾಗಿ ತಲುಪಿ, ಸಜ್ಜನರೆಂದೂ ಅನ್ನಿಸಿಕೊಂಡು ಬದುಕುತ್ತೇವೆ. ಆ ಜಾಗ ಇದೆಯೆಂದೇ ತಿಳಿಯದ ಕೆಲವರು ಮಾತ್ರ ಹೇಳಿದ್ದನ್ನು ಹೇಳಿದಂತೆಯೇ ನಡೆಸಿ, ತಮ್ಮ ಕೈಲಿದ್ದ ವಸ್ತುವನ್ನು ಕಾಪಾಡಿ, ತಮ್ಮ ಪಕ್ಕದಲ್ಲಿದ್ದವರನ್ನು ಕಳೆದುಕೊಳ್ಳುತ್ತಾರೆ. ಅವರಲ್ಲಿ ಪ್ರೀತಿಯಿಲ್ಲವೆಂದಲ್ಲ, ಕೊಟ್ಟ ಮಾತಿಗಿಂತ ದೊಡ್ಡದೊಂದು ಎದುರಿಗಿದೆಯೆಂದು ತಾವಾಗಿ ಕಾಣುವ ಕಣ್ಣು ಅವರಿಗಿರುವುದಿಲ್ಲ. ಅದನ್ನು ಕಂಡವರು ಯಾರಾದರೂ ಕೈಹಿಡಿದು, ಬೇಕಾದರೆ ಕಿರುಚಿ ತೋರಿಸಬೇಕು. ಆ ಬೆಳಗ್ಗೆ ಆ ಗಾಡಿಯಲ್ಲಿ ಹಾಗೆ ಕಂಡವನು, ಕಿರುಚಬಹುದಾಗಿದ್ದವನು ಒಬ್ಬನಿದ್ದ; ಭಾವನ ಮೇಲಿನ ಗೌರವಕ್ಕೆ ಅವನು ಇಪ್ಪತ್ತೆಂಟು ಕಿಲೋಮೀಟರೂ ಬಾಯಿ ಮುಚ್ಚಿಕೊಂಡು ಕುಳಿತಿದ್ದ.